ಗೇಟಿನ ಕಂಬಕ್ಕೆ ಕಟ್ಟಿದ ಕದಿರು

ಕೈಗೆ ಸಿಕ್ಕಿದ್ದು ಒಂದು ಗಂಟು.

ಪಾರ್ಕಿನಲ್ಲಿ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ಕೆಂಪು ಬಿಳಿ ಬಣ್ಣ ಬಳಿದ ಕಬ್ಬಿಣದ ಕಂಬವೊಂದನ್ನು ಹಿಡಿದು ನಿಂತು ಚಪ್ಪಲಿಯೊಳಗೆ ಹೊಕ್ಕ ಕಲ್ಲು ಕೊಡವುತ್ತಿದ್ದೆ. ಕಂಬ ಹಿಡಿದ ಕೈಗೆ ಏನೋ ಉಬ್ಬಿಕೊಂಡದ್ದು ತಾಗಿತು. ಬಣ್ಣ ಗಟ್ಟಿಯಾಗಿ ಕೂತಿರಬೇಕು ಅಂದುಕೊಂಡು ಸುಮ್ಮನೆ ಉಗುರಿನಿಂದ ಕೆರೆದೆ. ಒಂದು ಚಕ್ಕೆ ಎದ್ದು ಬಂತು. ಅದರಡಿ ಇನ್ನೊಂದು ಬಣ್ಣ, ಅದರಡಿ ಮತ್ತೊಂದು... ಎಲ್ಲದರ ಅಡಿಗೆ ತೆಂಗಿನ ನಾರು. ಕೈಯಲ್ಲಿ ಹೊಸೆದ ಹುರಿಹಗ್ಗ. ಎರಡು ಸುತ್ತು ಸುತ್ತಿ, ಮೂರನೆಯದನ್ನು ಒಳಗಿನಿಂದ ಎಳೆದು ಬಿಗಿದ ಗಂಟು.

ಆ ಗಂಟು ಹಾಕುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. "ದೊಡ್ಡಮ್ಮಾ!" ಎಂದು ನಾನು ಇಡೀ ಪಾರ್ಕಿಗೆ ಕೇಳುವ ಹಾಗೆ ಕೂಗಿಯೇಬಿಟ್ಟೆ. ಬೆಂಚಿನ ಮೇಲೆ ಚುರುಮುರಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಮಗನ ಪ್ರಾಯದ ಕಾವಲಿನವರೊಬ್ಬರು ಸೀಟಿ ಹಿಡಿದುಕೊಂಡು ಓಡಿ ಬಂದರು.

"ಎಂತ ಆಯ್ತ್ ಮೇಡಮ್ರೆ? ಕೈಗ್ ಎಂತಾರೂ ಚುಚ್ಚಿತಾ?"

"ಇಲ್ಲೆ ಮಾರಾಯ್ರೆ. ಇದ್ ನಮ್ಮೂರ್ ಗೇಟ್!"

"ಇಲ್ಲಿಪ್ಪುದೆಲ್ಲ ಒಂದಲ್ಲ ಒಂದ್ ಊರಿದ್ದೇ ಮೇಡಮ್ರೆ," ಅಂದರು ಅವರು, ನನ್ನ ಉಗುರನ್ನೇ ನೋಡುತ್ತಾ. "ಆರೆ ಬಣ್ಣ ಕೀಳುಕಾಗ."

ಕುಂದಾಪುರದ ಪಾರ್ಕಿನಲ್ಲಿ ರೈಲು ಮ್ಯೂಸಿಯಂ ಆಗಿದೆ ಎಂದು ಮಗ ಹೇಳಿದಾಗ ನಾನು ನಕ್ಕಿದ್ದೆ. ನಮ್ಮ ಕಡೆಗೆ ರೈಲು ಬಂದದ್ದೇ ಮೊನ್ನೆ ಮೊನ್ನೆ. ನನಗೆ ಆಗ ಇಪ್ಪತ್ತೆರಡು, ಶಿಕ್ಷಕಿಯ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ಅಷ್ಟರಲ್ಲಿ ಅದು ಮ್ಯೂಸಿಯಮ್ಮಿಗೂ ಹೋಯಿತು ಅಂದರೆ ನನ್ನನ್ನು ಎಲ್ಲಿಡುತ್ತಾರೋ! ಆದರೂ ಹೋದೆ. ಹೋದವಳಿಗೆ ಖುಷಿಯೇ ಆಯಿತು. ಹುಲ್ಲಿನ ಮೇಲೆ ಒಂದಿಷ್ಟು ಹಳಿ ಹಾಸಿ ಅದರ ಮೇಲೆ ಹಳೆಯ ಡೀಸೆಲ್ ಎಂಜಿನ್ ನಿಲ್ಲಿಸಿದ್ದಾರೆ. ಹಿಂದೆ ಗಾರ್ಡಿನ ಡಬ್ಬಿ. ಆಚೆ ಬದಿಗೆ ತಳ್ಳುವ ಟ್ರಾಲಿ, ಸಿಗ್ನಲ್ ದೀಪ, ಮೂಟೆ ತೂಗುವ ತಕ್ಕಡಿ, ಗಾಜಿನ ಪೆಟ್ಟಿಗೆಯೊಳಗೆ ಮಡಿಸಿಟ್ಟ ಕೆಂಪು ಹಸಿರು ಬಾವುಟ. ಎಲ್ಲ ಬಯಲಿನಲ್ಲೇ, ಮರದ ನೆರಳಿನಲ್ಲೇ. ಮಕ್ಕಳು ಎಂಜಿನಿನ ಮೆಟ್ಟಿಲ ಮೇಲೆ ನಿಂತು "ಕೂ" ಅಂತ ಕೂಗುತ್ತಿದ್ದರು, ದೊಡ್ಡವರು ಮಕ್ಕಳನ್ನು ಇಳಿಸುವ ನೆಪದಲ್ಲಿ ತಾವೂ ಹತ್ತುತ್ತಿದ್ದರು. ಕೊನೆಗೆ, ಹುಲ್ಲು ಮುಗಿಯುವಲ್ಲಿ, ಈ ಗೇಟು. ಎರಡು ಕಂಬ, ಅಡ್ಡ ಬೀಳುವ ಉದ್ದನೆಯ ಕೋಲು, ಅದನ್ನು ಏರಿಸಿ ಇಳಿಸುವ ಕೈಚಕ್ರ. ಕೆಳಗೊಂದು ಫಲಕ: "ರೈಲ್ವೆ ಗೇಟು. ಕೈಯಿಂದ ತಿರುಗಿಸುವಂಥದು." ಅಷ್ಟೇ. ಯಾವ ಊರಿನದು ಎಂದೂ ಇಲ್ಲ.

ಇರಲಿ, ನನಗೆ ಫಲಕ ಬೇಡ. ಕೋಲಿನ ನಡುವೆ ಒಂದು ಡೊಂಕಿದೆ. ಹುಲ್ಲು ಹೇರಿದ ಲಾರಿಯೊಂದು ಗುದ್ದಿ ಆದದ್ದು, ನಾನೇ ಕಣ್ಣಾರೆ ಕಂಡದ್ದು. ಮತ್ತೆ ಈ ಗಂಟು...

ದೊಡ್ಡಮ್ಮ ನಮಗೆ ಸಂಬಂಧದಲ್ಲಿ ಏನೂ ಅಲ್ಲ. ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ನಮ್ಮೂರು. ಅಲ್ಲಿ ನಮ್ಮ ಮನೆಯ ಎದುರಿನ ಬಯಲು ದಾಟಿದರೆ ಅವರ ಮನೆ. ಊರಿಗೆಲ್ಲ ಅವರು ದೊಡ್ಡಮ್ಮನೇ. ಗಂಡ ಬೊಂಬಾಯಿಯ ಹೋಟೆಲೊಂದರಲ್ಲಿ, ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬರುವವರು. ಹೀಗಾಗಿ ಗದ್ದೆ, ಹಟ್ಟಿ, ಮಕ್ಕಳು, ಹಬ್ಬ ಎಲ್ಲ ಇವರ ತಲೆಯ ಮೇಲೆ. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಹಟ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಗುಟ್ಟು ಹೇಳುವಾಗಲೂ ಬಯಲಿನ ಆಚೆಗೆ ಕೇಳುತ್ತಿತ್ತು.

ಅವರ ಮನೆಯ ಮುಂದೆ ಸಣ್ಣದೊಂದು ಗದ್ದೆ ಇತ್ತು. ಕದಿರು ಗದ್ದೆ ಎಂದೇ ಅದಕ್ಕೆ ಹೆಸರು. ನಮ್ಮಲ್ಲಿ ನವರಾತ್ರಿಯ ಹೊತ್ತಿಗೆ ಹೊಸ್ತು ಎನ್ನುವ ಹಬ್ಬ. ಆ ವರ್ಷದ ಮೊದಲ ತೆನೆಗಳನ್ನು, ಅಂದರೆ ಕದಿರನ್ನು, ಪೂಜೆ ಮಾಡಿ ಕೊಯ್ದು ಮನೆಗೆ ತರುತ್ತಾರೆ. ಮಾವಿನೆಲೆ, ಹಲಸಿನೆಲೆ, ಬಿದಿರಿನ ಎಲೆ ಸೇರಿಸಿ ಸಣ್ಣ ಸಣ್ಣ ಕಟ್ಟು ಮಾಡಿ ಮನೆಯ ಕಂಬಕ್ಕೆ, ಬಾವಿಗೆ, ಹಟ್ಟಿಗೆ, ನೇಗಿಲಿಗೆ, ತೆಂಗಿನ ಮರಕ್ಕೆ, ಸೈಕಲ್ಲಿಗೆ, ಒಟ್ಟಿನಲ್ಲಿ ನಮ್ಮನ್ನು ಸಾಕುವ ಎಲ್ಲದಕ್ಕೂ ಕಟ್ಟುತ್ತಾರೆ. ಕಟ್ಟಿ ಮುಗಿದ ಮೇಲೆ ಹೊಸ ಅಕ್ಕಿಯ ಪಾಯಸದ ಊಟ. ಅದಕ್ಕೂ ಒಂದು ಕ್ರಮ ಇದೆ. ಮೊದಲ ತುತ್ತಿಗೆ ಮುಂಚೆ ಕಿರಿಯರು ಹಿರಿಯರ ಕಡೆ ನೋಡಿ "ಹೊಸ್ತ್ ಉಣ್ತೆ" ಅನ್ನಬೇಕು. ಹಿರಿಯರು "ಉಣ್ಣ್" ಅಂದ ಮೇಲೆಯೇ ಕೈ ಬಾಯಿಗೆ ಹೋಗುವುದು. ದೊಡ್ಡಮ್ಮನ ಮನೆಯಲ್ಲಿ ತಲೆತಲಾಂತರದಿಂದ ಹೊಸ್ತಿನ ಕದಿರು ಆ ಸಣ್ಣ ಗದ್ದೆಯದೇ. ಬೇರೆ ಗದ್ದೆಯಲ್ಲಿ ಬಂಗಾರದಂಥ ಪೈರು ಬಂದರೂ ಕದಿರು ಮಾತ್ರ ಅಲ್ಲಿಂದಲೇ.

ರೈಲಿನ ದಾರಿಗೆ ಗೂಟ ಹುಗಿದವರು ಸರಿಯಾಗಿ ಆ ಗದ್ದೆಯ ಹೊಟ್ಟೆಯ ಮೇಲೆಯೇ ಹುಗಿದರು. ಮಣ್ಣು ಬಂತು, ಕಲ್ಲು ಬಂತು, ಆಳೆತ್ತರದ ಏರಿ ಎದ್ದಿತು, ಅದರ ಮೇಲೆ ಹಳಿ ಮಲಗಿತು. ಊರಿನ ಹೆಂಗಸರೆಲ್ಲ ದೊಡ್ಡಮ್ಮನನ್ನು ಸಮಾಧಾನ ಮಾಡಲು ಹೋದರು. ಅವರಿಗೆ ಬೇಸರವೇ ಇಲ್ಲ!

"ಗೆದ್ದಿ ಎಲ್ ಹೋಯ್ತ್? ಅಲ್ಲೇ ಇತ್ತ್. ಅದ್ರ್ ಮೇಲ್ ಹಳಿ ಮಲ್ಗಿತ್, ಅಷ್ಟೇ," ಅಂದರಂತೆ.

ಮೊದಲ ಗಾಡಿ ಬಂದ ದಿನ ಅವರ ಸಂಭ್ರಮ ನೋಡಬೇಕಿತ್ತು. "ಹ್ವಾಯ್ ಹೆಣೆ! ಗಾಡಿ ಬಂತ್! ಓಡ್ ಬಾ!" ಎಂದು ನನ್ನನ್ನು ಕೂಗಿದ್ದು ಬೈಂದೂರಿಗೂ ಕೇಳಿರಬೇಕು. ನಾನು ಓಡಿದೆ. ಊರಿಗೆ ಊರೇ ಓಡಿತು. ಅಂಗಡಿಯವರು ಬಾಗಿಲು ತೆರೆದೇ ಇಟ್ಟು ಓಡಿದರು, ಒಬ್ಬರಂತೂ ಅರ್ಧ ಗಡ್ಡ ಬೋಳಿಸಿಕೊಂಡೇ ಬಂದಿದ್ದರು. ನೆಲ ನಡುಗಿಸಿಕೊಂಡು ಬಂದ ಆ ಎಂಜಿನ್ನು ಒಮ್ಮೆ ಕೂಗಿತು ನೋಡಿ, ನನ್ನ ಮೈಯೆಲ್ಲ ಜುಮ್ ಎಂದಿತು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಚಾಚಿ ಎಲ್ಲರಿಗೂ ತೋರಿಸುತ್ತಿದ್ದರು. "ನಮ್ ಗೆದ್ದಿ ಹತ್ಕಂಡ್ ಬೊಂಬಾಯಿಗ್ ಹೋತ್ ಕಾಣ್ ಅದ್!"

ಏರಿಯ ಪಕ್ಕದಲ್ಲಿ, ನಮ್ಮ ಹಳೆಯ ಗಾಡಿದಾರಿ ಹಳಿ ದಾಟುವಲ್ಲಿ, ಈ ಗೇಟು ಬಂತು. ಗೇಟಿಗೊಂದು ಪುಟ್ಟ ಕೋಣೆ, ಕೋಣೆಗೊಬ್ಬರು ಗೇಟಿನವರು. ಕಾರವಾರದ ಕಡೆಯವರು, ಮಿತಭಾಷಿ, ಹೊಸ ಕೆಲಸ, ಮೈತುಂಬಾ ಭಯ. ರೂಲು ಪುಸ್ತಕವನ್ನು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ದೊಡ್ಡಮ್ಮ ಅವರಿಗೆ ಮಜ್ಜಿಗೆ, ಉಪ್ಪಿನಕಾಯಿ, ಊರಿನ ಸುದ್ದಿ ಎಲ್ಲ ಪೂರೈಸಿ ಒಂದು ತಿಂಗಳಲ್ಲಿ ಮನೆಯವರನ್ನಾಗಿ ಮಾಡಿಕೊಂಡರು. ಆಮೇಲೆ ಒಂದು ದಿನ, ನವರಾತ್ರಿ ಹತ್ತಿರ ಬಂದಾಗ, ನಾನೂ ಜೊತೆಗಿದ್ದಂತೆಯೇ, ಮೆಲ್ಲಗೆ ವಿಷಯಕ್ಕೆ ಬಂದರು. ಮೆಲ್ಲಗೆ ಅಂದರೆ ನಮ್ಮ ಮನೆಯ ಜಗಲಿಗೆ ಕೇಳುವಷ್ಟು.

"ಹೊಸ್ತಿನ್ ದಿನ ಹಳಿಗ್ ಒಂದ್ ಕದ್ರ್ ಕಟ್ಕಲ್ದಾ?"

ಗೇಟಿನವರು ಬೆಚ್ಚಿಬಿದ್ದರು. "ಹಳಿಗೆ ಒಂದು ದಾರವನ್ನೂ ಕಟ್ಟೂಕಾಗೂದಿಲ್ಲ ಅಮ್ಮಾ. ನನ್ನ ಕೆಲಸ ಹೋಗ್ತದೆ."

"ಬಾವಿಗ್ ಕಟ್ಟುದಿಲ್ದಾ, ಹಟ್ಟಿಗ್ ಕಟ್ಟುದಿಲ್ದಾ? ಅಷ್ಟ್ ವರ್ಷ ಅನ್ನ ಕೊಟ್ಟ ಗೆದ್ದಿಗ್ ಕಟ್ಟುದ್ ಬ್ಯಾಡ್ದಾ?"

"ಗದ್ದೆ ಈಗ ರೈಲ್ವೆದು ಅಮ್ಮಾ."

ದೊಡ್ಡಮ್ಮ ಎದ್ದು ಮಜ್ಜಿಗೆಯ ಚೊಂಬು ಎತ್ತಿಕೊಂಡರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು. "ಆ ಗೆದ್ದಿಗ್ ಕದ್ರ್ ಮುಟ್ದೆ ನಾನ್ ಹೊಸ್ತ್ ಉಣ್ಣುದಿಲ್ಲೆ," ಅಂದರು. ಅಂದದ್ದು ಅಂದ ಹಾಗೆಯೇ. ಅವರ ಮನೆಗೆ ಹಿರಿಯರು ಅವರೇ. ಅವರು ಉಣ್ಣದಿದ್ದರೆ "ಉಣ್ಣ್" ಅನ್ನುವವರಿಲ್ಲ, "ಉಣ್ಣ್" ಅನ್ನುವವರಿಲ್ಲದಿದ್ದರೆ ಮನೆಯಲ್ಲಿ ಯಾರಿಗೂ ಹಬ್ಬವಿಲ್ಲ. ನಗುತ್ತಾ ಗದ್ದೆ ಬಿಟ್ಟುಕೊಟ್ಟ ಹೆಂಗಸಿಗೆ ಇದೊಂದು ಬಿಡಲಿಕ್ಕೆ ಆಗಲಿಲ್ಲ. ಆಗ ನನಗೆ ಅದು ಹುಡುಗಾಟಿಕೆಯ ಹಟದಂತೆ ಕಂಡಿತ್ತು. ಈಗ ಹಾಗೆ ಕಾಣುವುದಿಲ್ಲ.

ಹೊಸ್ತಿನ ದಿನ ಬಂತು. ಆ ವರ್ಷ ಅವರ ಕದಿರು ನಮ್ಮ ಗದ್ದೆಯಿಂದ. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ದೊಡ್ಡಮ್ಮ ಮಿಂದು, ಹಾಲು ಎರೆದು, ತೆನೆ ಕೊಯ್ದು ಹರಿವಾಣದಲ್ಲಿಟ್ಟು, ಮೇಲೆ ಕೆಂಪು ರೇಷ್ಮೆ ಪಟ್ಟೆಯ ತುಂಡು ಮುಚ್ಚಿ ತಲೆಯ ಮೇಲೆ ಹೊತ್ತರು. ಅವರ ಮನೆಯ ಪದ್ಧತಿ ಅದು. ಇನ್ನೊಂದು ಪದ್ಧತಿಯೂ ಇತ್ತು: ಕದಿರು ಹೊತ್ತವರು ಅದನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸುವ ತನಕ ಬಾಯಿ ಬಿಡಬಾರದು. ವರ್ಷದಲ್ಲಿ ದೊಡ್ಡಮ್ಮ ಮೌನವಾಗಿರುತ್ತಿದ್ದ ಅರ್ಧ ಗಂಟೆ ಅದೊಂದೇ. ನಾನು ಎಲೆ, ಹುರಿಹಗ್ಗ ಇದ್ದ ಬುಟ್ಟಿ ಹಿಡಿದು ಹಿಂದೆ ನಡೆದೆ.

ಬಯಲಿನ ಕೊನೆಗೆ ದಾರಿ ಕವಲೊಡೆಯುತ್ತದೆ. ಮನೆಗೆ ಎಡಕ್ಕೆ, ಗೇಟಿಗೆ ಬಲಕ್ಕೆ. ದೊಡ್ಡಮ್ಮ ಬಲಕ್ಕೆ ತಿರುಗಿದರು.

"ದೊಡ್ಡಮ್ಮಾ, ಎಲ್ಲಿಗೆ?" ಅಂದೆ. ಅವರು ಮಾತಾಡುವ ಹಾಗಿಲ್ಲವಲ್ಲ! ನಡೆದೇ ನಡೆದರು, ಬೆನ್ನು ನೆಟ್ಟಗೆ. ನಾನು ಬುಟ್ಟಿ ಅವಚಿಕೊಂಡು ಹಿಂದೆಯೇ ಓಡಿದೆ. ಹೆದರಿಕೆಯೋ ಉಮೇದೋ ಹೇಳಲಾರೆ, ಎರಡೂ ಇದ್ದಿರಬೇಕು.

ಗೇಟು ಹಾಕಿತ್ತು. ಗಾಡಿಯ ಹೊತ್ತು. ಗೇಟಿನವರು ಹಸಿರು ಬಾವುಟ ಹಿಡಿದು ಕೋಣೆಯ ಮುಂದೆ ನಿಂತಿದ್ದರು. ನಮ್ಮನ್ನು ಕಂಡವರೇ "ಅಮ್ಮಾ, ನಿಲ್ಲಿ! ಗಾಡಿ ಬರ್ತಾ ಉಂಟು! ಅಲ್ಲೇ ನಿಲ್ಲಿ!" ಎಂದು ಕೂಗಿದರು. ದೊಡ್ಡಮ್ಮ ಗೇಟಿನ ಈಚೆಗೆ ಕಂಬದ ಪಕ್ಕ ನಿಂತರು. ಹಳಿ ದಾಟುವ ಯೋಚನೆ ಅವರಿಗಿರಲಿಲ್ಲ, ಅಷ್ಟು ಬುದ್ಧಿ ಅವರಿಗಿತ್ತು. ತಾನು ಬಂದದ್ದು ಯಾಕೆ ಎಂದು ಹೇಳಬೇಕಿತ್ತು. ಹೇಳಲು ಬಾಯಿ ಬಿಡುವಂತಿಲ್ಲ. ಕದಿರು ಕಂಡರೆ ಗೇಟಿನವರಿಗೇ ಅರ್ಥವಾದೀತು ಎಂದು ದೊಡ್ಡಮ್ಮ ಒಂದು ಕೈಯಿಂದ ಹರಿವಾಣ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ಪಟ್ಟೆಯನ್ನು ಎಳೆದು ತೆಗೆದರು. ಗೇಟಿನವರು ಆಗಲೇ ಗಾಡಿ ಬರುವ ಕಡೆ ತಿರುಗಿದ್ದರು. ಅವರ ಗಮನ ಸೆಳೆಯಲೆಂದು ದೊಡ್ಡಮ್ಮ ಕೈ ಮೇಲೆತ್ತಿ ಬೀಸಿದರು. ಕೈಯಲ್ಲಿ ಮೊಳಕ್ಕಿಂತ ಉದ್ದದ ಕೆಂಪು ಪಟ್ಟೆ.

ಗಾಡಿ ಅದೇ ಹೊತ್ತಿಗೆ ತಿರುವಿನಿಂದ ಈಚೆಗೆ ಮುಖ ಹಾಕಿತ್ತು.

ಹೊಸ ಏರಿಯ ಮಣ್ಣು ಇನ್ನೂ ಕೂರುತ್ತಿದೆ ಎಂದು ನಮ್ಮೂರಿನ ಹತ್ತಿರ ಗಾಡಿಗಳು ನಿಧಾನವಾಗಿಯೇ ಬರುತ್ತಿದ್ದವು. ಪುಣ್ಯ. ಕಿರ್ರ್ ಎಂದು ಕಿವಿ ಹರಿಯುವ ಸದ್ದು, ಕಬ್ಬಿಣ ಕಾದ ವಾಸನೆ, ಒಂದರ ಹಿಂದೊಂದು ಡಬ್ಬಿಗಳು ಜಗ್ಗಿದ ದಡಬಡ... ಗಾಡಿ ನಿಂತೇಹೋಯಿತು! ಎಂಜಿನ್ನು ಸರಿಯಾಗಿ ಗೇಟಿನ ಎದುರಿಗೆ, ದೊಡ್ಡಮ್ಮನಿಂದ ನಾಲ್ಕು ಮಾರು ದೂರದಲ್ಲಿ, ಓಡಿ ಬಂದ ಕೋಣದ ಹಾಗೆ ಬಿಸಿಯುಸಿರು ಬಿಡುತ್ತಾ ನಿಂತಿತ್ತು. ಕಿಟಕಿಗಳಿಂದೆಲ್ಲ ತಲೆಗಳು ಹೊರಗೆ ಬಂದವು. ಗೇಟಿನವರ ಕೈಯಿಂದ ಬಾವುಟ ಕೆಳಗೆ ಬಿತ್ತು.

ಎಂಜಿನಿನಿಂದ ಡ್ರೈವರ್ ಇಳಿದರು. ನರೆತ ಮೀಸೆ, ದಪ್ಪ ಕನ್ನಡಕ, ಮುಖ ಕೆಂಡ. ಹಿಂದಿಯಲ್ಲಿ ಏನೇನೋ ಬೈಯುತ್ತಲೇ ಬಂದರು. ನನಗೆ ಅರ್ಥವಾದದ್ದು "ಕ್ಯಾ ಹುವಾ" ಅನ್ನುವುದೊಂದೇ. ದೊಡ್ಡಮ್ಮ ಕಣ್ಣು ಪಿಳುಕಿಸದೆ ನಿಂತಿದ್ದರು, ಬಾಯಿ ಮಾತ್ರ ಬಿಗಿ. ನಾನು ಮಾತಾಡಬೇಕಿತ್ತು. "ಹಬ್ಬ... ಕದಿರು..." ಅಂದೆ. ಗೇಟಿನವರು ಬೆವರು ಒರೆಸಿಕೊಳ್ಳುತ್ತಾ ತಮ್ಮ ಭಾಷೆಯಲ್ಲಿ ಏನೋ ಹೇಳತೊಡಗಿದರು. ಇವರ ಕೆಲಸ ಇವತ್ತಿಗೆ ಮುಗಿಯಿತು ಎಂದು ನನಗನ್ನಿಸಿತು.

ದೊಡ್ಡಮ್ಮ ತಲೆಯ ಮೇಲಿನ ಹರಿವಾಣ ಇಳಿಸಿ ಎರಡೂ ಕೈಯಲ್ಲಿ ಮುಂದೆ ಹಿಡಿದರು. ಡ್ರೈವರ್ ಬೈಯುತ್ತಿದ್ದವರು ಅದರೊಳಗೆ ಬಗ್ಗಿ ನೋಡಿದರು. ಕನ್ನಡಕ ತೆಗೆದರು.

"ನವಂ?" ಅಂದರು, ಬೇರೆಯೇ ದನಿಯಲ್ಲಿ.

ಅವರು ರತ್ನಾಗಿರಿಯ ಕಡೆಯ ಹಳ್ಳಿಯವರಂತೆ. ಅಲ್ಲಿಯೂ ಹೀಗೆಯೇ, ಇದೇ ಕಾಲದಲ್ಲಿ, ನವಂ ಎಂದು ಹೊಸ ತೆನೆ ತಂದು ಬಾಗಿಲಿಗೂ ಗಾಡಿಗೂ ಕಟ್ಟುತ್ತಾರಂತೆ. ಅವರ ಮನೆಯಲ್ಲಿ ಕಟ್ಟುವ ದಿನ ಅವರು ಒಂದು ವರ್ಷವೂ ಇರುವುದಿಲ್ಲವಂತೆ, ಯಾವುದೋ ಗಾಡಿಯ ಮೇಲೆ ಇರುತ್ತಾರಂತೆ. ಇದನ್ನೆಲ್ಲ ಗೇಟಿನವರು ಆಮೇಲೆ ನಮಗೆ ಬಿಡಿಸಿ ಹೇಳಿದ್ದು. ಆಗ ನಾನು ಕಂಡದ್ದು ಇಷ್ಟು: ಆ ಮನುಷ್ಯ ಚಪ್ಪಲಿ ಕಳಚಿ, ಒಂದು ತೆನೆಯನ್ನು ಕಣ್ಣಿಗೊತ್ತಿಕೊಂಡು, ಎಂಜಿನಿನ ಕಡೆ ಕೈ ತೋರಿಸಿದರು. ಕಟ್ಟು ಎಂದು.

ನಾನು ಎಲೆ ಜೋಡಿಸಿ ಕೊಟ್ಟೆ. ಎಂಜಿನಿನ ಏಣಿಯ ಹಿಡಿಗೆ ದೊಡ್ಡಮ್ಮ ಕದಿರು ಕಟ್ಟಿದರು. ಹೋಗುವ ಗಾಳಿಗೆ ಹಾರದಿರಲಿ ಎಂದು ಹುರಿಹಗ್ಗ ಎರಡು ಸುತ್ತು ಸುತ್ತಿ, ಮೂರನೆಯದನ್ನು ಒಳಗಿನಿಂದ ಎಳೆದು ಬಿಗಿದರು. ಇಡೀ ಗಾಡಿ ನೋಡುತ್ತಿತ್ತು. ಯಾರೋ ಕಿಟಕಿಯಿಂದಲೇ ಕೈಮುಗಿದರು.

ಗದ್ದೆಯ ಮೇಲೆ ನಿಂತ ಎಂಜಿನಿಗೆ ಕದಿರು ಮುಟ್ಟಿಸಿ ಆಯಿತಲ್ಲ, ಇನ್ನು ಮಾತಾಡಬಹುದು. ಅರ್ಧ ಗಂಟೆ ಕಟ್ಟಿಟ್ಟ ದನಿ ಒಮ್ಮೆಲೇ ಹೊರಗೆ ಬಂತು.

"ಹ್ವಾಯ್! ಹೊಸ್ತಿನ್ ಊಟ ಇತ್ತ್! ಎಲ್ಲರೂ ಉಂಡ್ಕಂಡೇ ಹೋಯ್ಕ್! ಇಲ್ಲೇ ಮನಿ, ಕಾಂತಿತ್ತಲ್ದಾ!"

ಎಲ್ಲರೂ ಅಂದರೆ ಗಾಡಿಗೆ ಗಾಡಿಯೇ! ನಾನು ದಂಗಾಗಿ ಹೋದೆ. ಅವರಿಗೆ ಅದು ತಮಾಷೆಯಲ್ಲ. ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಡ್ರೈವರಿಗೆ ಭಾಷೆ ಬಾರದಿದ್ದರೂ ಕರೆದ ರೀತಿಯಲ್ಲೇ ಗೊತ್ತಾಗಿರಬೇಕು. ಹೊಟ್ಟೆ ಹಿಡಿದುಕೊಂಡು ನಕ್ಕರು. ಗಡಿಯಾರ ನೋಡಿಕೊಂಡರು, ಓಡಿ ಎಂಜಿನ್ ಹತ್ತಿದರು. ಹೊರಡುವಾಗ ಕೂಗಿಸಿದರು ನೋಡಿ, ಉದ್ದಕ್ಕೆ, ಅಷ್ಟು ಉದ್ದದ ಕೂಗನ್ನು ನಾನು ಮತ್ತೆ ಕೇಳಿಲ್ಲ.

ಗೇಟಿನವರ ಕೆಲಸ ಹೋಗಲಿಲ್ಲ. ದನ ಅಡ್ಡ ಬಂದದ್ದಕ್ಕೆ ಗಾಡಿ ನಿಲ್ಲಿಸಿದ್ದು ಎಂದು ಡ್ರೈವರ್ ಬರೆದುಕೊಟ್ಟರಂತೆ. ಸುದ್ದಿ ಕೇಳಿದ ದೊಡ್ಡಮ್ಮ "ನನ್ನ ದನ ಮಾಡ್ದ ಅಲ್ದಾ ಅವ!" ಎಂದು ಕೂಗಾಡಿ, ಮರುಗಳಿಗೆ "ಅಡ್ಡಿಲ್ಲೆ, ಗಾಡಿ ನಿಂತಿತಲ್ದಾ," ಎಂದು ನಕ್ಕರು. ಅವರ ಗಂಡ ಊರಿಗೆ ಬಂದಾಗಲೆಲ್ಲ ಅದನ್ನೇ ಹಿಡಿದು ಕಾಡುತ್ತಿದ್ದರು, "ದನಕ್ಕೆ ಹುಲ್ಲು ಹಾಕಿ ಆಯ್ತಾ?" ಎಂದು.

ಆವತ್ತೇ ಗೇಟಿನವರು ಒಂದು ದಾರಿ ಹುಡುಕಿದರು. ಕೆಂಪು ಪಟ್ಟೆಯನ್ನು ದೊಡ್ಡಮ್ಮನ ಕೈಯಿಂದ ಇಸಿದುಕೊಂಡು, ಮಡಿಸಿ ನನ್ನ ಬುಟ್ಟಿಯಲ್ಲಿಟ್ಟು, "ಹಳಿಗೆ ಬೇಡ ಅಮ್ಮಾ. ಈ ಗೇಟಿನ ಕಂಬಕ್ಕೆ ಕಟ್ಟಿ. ಕಂಬ ನಿಂತದ್ದೂ ನಿಮ್ಮ ಗದ್ದೆಯಲ್ಲೇ," ಅಂದರು. ನಿಜವೇ. ಕದಿರು ಗದ್ದೆಯ ಒಂದು ಮೂಲೆ ಅಲ್ಲಿತ್ತು. ದೊಡ್ಡಮ್ಮ ಕಟ್ಟಿದರು. ಮನೆಗೆ ಹೋಗುವಾಗ ಪಾಯಸ ಆರಿ ತಣ್ಣಗಾಗಿತ್ತು.

ಮನೆಗೆ ಹಿರಿಯರಾದ ಅವರು ಯಾರಲ್ಲಿ ಕೇಳುವುದು? ಎಲೆಯ ಮುಂದೆ ಕೂತು ಬಾಗಿಲಿನಾಚೆ ಏರಿಯ ಕಡೆ ನೋಡಿ "ಹೊಸ್ತ್ ಉಣ್ತೆ" ಅಂದರು. ಕೈ ಎಲೆಯ ಮೇಲೆ ಹಾಗೇ ಇತ್ತು.

"ಗೆದ್ದಿ ಉಣ್ಣ್ ಅಂತಾ ದೊಡ್ಡಮ್ಮಾ?" ಎಂದು ನಾನು ಚೇಷ್ಟೆ ಮಾಡಿದೆ.

"ಗಾಡಿ ಕೂಗುದಿಲ್ದಾ? ಅದೇ ಉಣ್ಣ್ ಅಂದಂಗೆ," ಅಂದರು. ಮುಂದಿನ ಗಾಡಿ ಬಂದು ಕೂಗುವ ತನಕ ಅವರ ಮನೆಯವರೂ ನಾನೂ ಎಲೆಯ ಮುಂದೆ ಕಾದು ಕೂತಿದ್ದೆವು! ಗಾಡಿ ಅವತ್ತು ತಡ ಬೇರೆ.

ಆಮೇಲೆ ಪ್ರತಿ ವರ್ಷ ಹಾಗೆಯೇ. ಗೇಟಿನವರು ಬದಲಾದರು. ಹೋಗುವವರು ಬರುವವರಿಗೆ ಬಾವುಟ, ದೀಪ, ಬೀಗದ ಕೈ ಒಪ್ಪಿಸುವಾಗ ದೊಡ್ಡಮ್ಮನನ್ನೂ ಒಪ್ಪಿಸಿ ಹೋಗುತ್ತಿದ್ದರು. ಎಷ್ಟು ವರ್ಷವೋ... ಹನ್ನೆರಡೋ ಹದಿಮೂರೋ. ಎಲೆ, ತೆನೆ ಗಾಳಿ ಮಳೆಗೆ ಉದುರುತ್ತಿದ್ದವು, ಹುರಿಹಗ್ಗ ಉಳಿಯುತ್ತಿತ್ತು. ಬಣ್ಣ ಬಳಿಯಲು ಬಂದವರು ಅದನ್ನು ಬಿಚ್ಚುವ ಗೋಜಿಗೆ ಹೋಗದೆ ಮೇಲಿಂದಲೇ ಬಳಿದು ಹೋಗುತ್ತಿದ್ದರು.

ನನಗೆ ಕೆಲಸ ಸಿಕ್ಕಿತು. ಮೊದಲು ಶಂಕರನಾರಾಯಣದ ಹತ್ತಿರ, ಆಮೇಲೆ ಮದುವೆ, ಆಮೇಲೆ ಕೊಕ್ಕರ್ಣೆಯ ಶಾಲೆ. ದಸರಾ ರಜೆಗೆ ತವರಿಗೆ ಬಂದಾಗಲೆಲ್ಲ ಎಲೆಯ ಬುಟ್ಟಿ ಹಿಡಿಯುವುದು ನನ್ನದೇ ಪಾಲು. ಕೊನೆಯ ಸಲ ಹೋದಾಗ ದೊಡ್ಡಮ್ಮನ ಬೆರಳುಗಳಲ್ಲಿ ಕಸುವಿರಲಿಲ್ಲ. ಗಂಟು ಬಿಗಿಯಾಗಲಿಲ್ಲ. ನನ್ನ ಕೈಯಲ್ಲಿ ಎಳೆಸಿದರು.

"ನಾನಿಲ್ದಿರೆ ನೀ ಕಟ್ಕ್. ಆಯ್ತಾ? ಹೂಂ ಅನ್ನ್."

"ಹೂಂ," ಅಂದೆ.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಆ ನವರಾತ್ರಿಗೆ ನಾನು ಕಟ್ಟಲಿಲ್ಲ. ಕಾರಣ ಹೇಳಬೇಕೆಂದರೆ ಹೇಳಬಹುದು: ಮಗನಿಗೆ ಜ್ವರ, ಅತ್ತೆಗೆ ಮಂಡಿನೋವು, ಕೊಕ್ಕರ್ಣೆಯಿಂದ ಎರಡು ಬಸ್ಸು. ನಿಜ ಏನೆಂದರೆ ನಾಳೆ ಹೋದರಾಯಿತು ಅಂದುಕೊಂಡೆ, ನಾಡಿದ್ದು ಹೋದರಾಯಿತು ಅಂದುಕೊಂಡೆ. ಮರುವರ್ಷದ ಹೊತ್ತಿಗೆ ಹಳಿಯಡಿ ರಸ್ತೆ ಕೊರೆದಿದ್ದರು, ಗೇಟು ಕಿತ್ತುಕೊಂಡು ಹೋಗಿದ್ದರು. ಆಗ ನನಗೆ ಒಳಗೊಳಗೆ ಹಗುರವಾಗಿತ್ತು, ಇನ್ನು ಕಟ್ಟುವ ಮಾತೇ ಇಲ್ಲವಲ್ಲ ಎಂದು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಗೇಟು ಇಲ್ಲಿ ಬಂದು ನಿಂತಿದೆ! ಕುಂದಾಪುರದ ನನ್ನ ಈಗಿನ ಮನೆಯಿಂದ ಕಾಲು ಗಂಟೆ ನಡಿಗೆ. ಯಾವ ನೆಪವನ್ನೂ ಉಳಿಸಿಲ್ಲ ದೊಡ್ಡಮ್ಮ.

ಗಂಟು ಸಿಕ್ಕಿದ್ದು ಚೌತಿಯ ಆಸುಪಾಸು. ನವರಾತ್ರಿಯವರೆಗೆ ದಿನ ಎಣಿಸಿದೆ ಅಂದರೆ ನಂಬಿ. ತೆಂಗಿನ ನಾರು ತಂದು ಹುರಿ ಹೊಸೆಯಲು ಕೂತು ಅಂಗೈ ಕೆಂಪಾಯಿತು, ಸೊಸೆ ನಕ್ಕಳು. ನಮಗೀಗ ಗದ್ದೆ ಇಲ್ಲ. ಪೇಟೆಯಲ್ಲಿ ರಸ್ತೆ ಬದಿಗೆ ಕದಿರು ಮಾರುವ ಹೆಂಗಸರ ಹತ್ತಿರ ತೆನೆ ತಂದೆ. ಹೊಸ್ತಿನ ದಿನ ಬೆಳಿಗ್ಗೆ ಪಾರ್ಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ಹೊರಗೆ ನಿಂತಿದ್ದೆ, ಐವತ್ತು ದಾಟಿದ ಹೆಂಗಸು, ಜಾತ್ರೆಗೆ ಹೊರಟ ಮಗುವಿನ ಹಾಗೆ. ಹರಿವಾಣದ ಮೇಲೆ ಪಟ್ಟೆ ಮುಚ್ಚಿದ್ದೆ. ಕೆಂಪಲ್ಲ, ಹಸಿರು!

ಕಾವಲಿನವರು ನನ್ನನ್ನು ಮರೆತಿರಲಿಲ್ಲ. "ಮುಟ್ಟುಕಾಗ ಮೇಡಮ್ರೆ, ರೂಲ್ ಇತ್ತ್," ಅಂದರು. ನಾನು ಮಾತಾಡಲಿಲ್ಲ. ಮಾತಾಡುವ ಹಾಗಿರಲಿಲ್ಲ. ಪಟ್ಟೆ ಸರಿಸಿ ತೋರಿಸಿದೆ. ಅವರು ಕದಿರು ನೋಡಿದರು, ಕಂಬ ನೋಡಿದರು, ಅವತ್ತು ನಾನು ಕೆರೆದ ಜಾಗ ನೋಡಿದರು.

"ನಮ್ಮನೇಲೂ ಇವತ್ತೇ ಹೊಸ್ತ್," ಅಂದರು. ಆಮೇಲೆ ಬೆನ್ನು ಹಾಕಿ ಎಂಜಿನಿನ ಕಡೆ ಮುಖ ಮಾಡಿ ನಿಂತರು. "ನಾನ್ ಕಾಂಬುದಿಲ್ಲೆ. ಬೇಗ ಕಟ್ಟಿ."

ಹಳೆಯ ಗಂಟಿನ ಮೇಲೆಯೇ ಕಟ್ಟಿದೆ. ಎರಡು ಸುತ್ತು, ಮೂರನೆಯದು ಒಳಗಿನಿಂದ. ಬಿಗಿಯಾಗಿಯೇ ಬಂತು. ಚಪ್ಪಲಿ ಬಿಟ್ಟು ಕೈಮುಗಿದೆ. ಅತ್ತೆ ಮೊದಲೇ ಹೋಗಿದ್ದರು, ಅಮ್ಮ ಹೋಗಿ ಎರಡು ವರ್ಷ. ನಮ್ಮ ಮನೆಗೆ ಈಗ ನಾನೇ ಹಿರಿಯಳು. ಎಲ್ಲರೂ ನನ್ನ ಮುಖ ನೋಡಿ ಕೇಳುತ್ತಾರೆ, ನಾನು ಯಾರನ್ನು ಕೇಳಲಿ...

"ದೊಡ್ಡಮ್ಮಾ, ಹೊಸ್ತ್ ಉಣ್ತೆ," ಅಂದೆ, ಕಂಬಕ್ಕೆ.

ಎಂಜಿನ್ನು ಹತ್ತು ಮಾರು ದೂರದಲ್ಲೇ ಇತ್ತು. ಕೂಗುವ ಬಾಬತ್ತೇ ಇಲ್ಲ. ಆದರೂ ಸ್ವಲ್ಪ ಹೊತ್ತು ಕಾದೆ.

"ಎಂತ ಅಂದ್ರಿ ಮೇಡಮ್ರೆ?" ಎಂದು ಕಾವಲಿನವರು ತಿರುಗದೆಯೇ ಕೇಳಿದರು.

"ಹೊಸ್ತ್ ಉಣ್ತೆ ಅಂದೆ. ಉಣ್ಣ್ ಅಂಬವ್ರಿಲ್ಲೆ."

"ನಾನ್ ಸಣ್ಣವ, ನಾನ್ ಹೇಳುಕಾಗ," ಅಂದರು ಅವರು. ಈಗ ನನ್ನ ಕಡೆ ತಿರುಗಿ, ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ನಂಗೆ ಮನೆಗ್ ಹೋಪುಕೆ ಸಂಜಿ ಆತ್ತ್. ಬುತ್ತಿಯಲ್ಲೇ ಪಾಯಸ ಹಾಕಿ ಕಳ್ಸಿರ್. ನಾನೂ ಹೊಸ್ತ್ ಉಣ್ತೆ ಮೇಡಮ್ರೆ."

"ಉಣ್ಣ್ ಮಗಾ," ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ನನಗೆ ಹಾಗೆ ಹೇಳುವವರು ಇನ್ನು ಯಾರೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟೆ. ಅಲ್ಲಿ ಪಾಯಸ ಆರುತ್ತಿತ್ತು, ಎಲ್ಲರೂ ನನಗೇ ಕಾಯುತ್ತಿದ್ದರು.